ಟೆಸ್ಟ್ ಪ್ರವಾಸದ ತಂಡ: 18 ಹೆಸರು, ನೂರು ಜಗಳ

ಭಾರತ ತಂಡ ಟೆಸ್ಟ್ ಆಡಲು ವಿಮಾನ ಹತ್ತುವ ಮುಂಚೆಯೇ ಅಭಿಮಾನಿಗಳ ಆಟ ಶುರುವಾಗಿರುತ್ತದೆ. ಪಟ್ಟಿ ಹೊರಬಿದ್ದ ಸಂಜೆ ಮಂಜೇಶ್ವರ, ಉಪ್ಪಳ, ಕಾಸರಗೋಡಿನ ಹೋಟೆಲುಗಳಲ್ಲಿ ಚಹಾ ತಣ್ಣಗಾಗುವವರೆಗೆ, ಗಲ್ಫಿನ ರೂಮುಗಳಲ್ಲಿ ಡ್ಯೂಟಿ ಮುಗಿಸಿ ಬಂದವರ ಮಧ್ಯೆ ನಡುರಾತ್ರಿವರೆಗೆ ನಡೆಯುವುದು ಒಂದೇ ವಾದ: ಅವನನ್ನು ಯಾಕೆ ತೆಗೆದುಕೊಂಡರು, ಇವನನ್ನು ಯಾಕೆ ಬಿಟ್ಟರು? ಈ ವಾದದ ಒಳಹೊರಗು ತಿಳಿಯಲು 2025ರ ಇಂಗ್ಲೆಂಡ್ ಪ್ರವಾಸ ಒಳ್ಳೆಯ ಉದಾಹರಣೆ. ಹೊಸ ನಾಯಕ, ಎಂಟು ವರ್ಷದ ನಂತರ ಮರಳಿದ ಬ್ಯಾಟರ್, ರನ್ ಹೊಡೆದೂ ಹೊರಗುಳಿದ ಮತ್ತೊಬ್ಬ, ಮೂರೇ ಪಂದ್ಯ ಆಡುತ್ತೇನೆಂದ ಬೌಲರ್, ಐದೂ ಪಂದ್ಯಕ್ಕೆ ಬೆಂಚಿನಲ್ಲೇ ಕೂತ ಸ್ಪಿನ್ನರ್ ಎಲ್ಲರೂ ಆ ಒಂದೇ ಸರಣಿಯಲ್ಲಿದ್ದರು. ಅಭಿಮಾನಿಗಳು ಕೇಳಿದ ಪ್ರಶ್ನೆಗಳಿಗೆ ಆರೇಳು ವಾರದಲ್ಲಿ ಮೈದಾನದಲ್ಲೇ ಉತ್ತರ ಸಿಕ್ಕಿತು. ಕೆಲವು ಉತ್ತರಗಳು ಎರಡೂ ಕಡೆಯವರ ಬಾಯಿ ಮುಚ್ಚಿಸುವಂಥವು.

ಹಿನ್ನೆಲೆ ಇಷ್ಟು. 2024ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯ ಪ್ರವಾಸದ ನಡುವೆಯೇ ಆರ್. ಅಶ್ವಿನ್ ನಿವೃತ್ತಿಯಾದರು. 2025ರ ಮೇ 7ರಂದು ರೋಹಿತ್ ಶರ್ಮಾ, ಮೇ 12ರಂದು ವಿರಾಟ್ ಕೊಹ್ಲಿ ಟೆಸ್ಟ್ ಕ್ರಿಕೆಟ್‌ಗೆ ವಿದಾಯ ಹೇಳಿದರು. ಮೇ 24ರಂದು ಆಯ್ಕೆ ಸಮಿತಿ 18 ಜನರ ತಂಡ ಪ್ರಕಟಿಸಿತು. ಶುಭ್‌ಮನ್ ಗಿಲ್ ನಾಯಕ, ರಿಷಭ್ ಪಂತ್ ಉಪನಾಯಕ. ಕರುಣ್ ನಾಯರ್, ಸಾಯಿ ಸುದರ್ಶನ್, ಶಾರ್ದುಲ್ ಠಾಕೂರ್, ಅರ್ಶ್‌ದೀಪ್ ಸಿಂಗ್ ಒಳಗೆ. ಸರ್ಫರಾಜ್ ಖಾನ್, ಶ್ರೇಯಸ್ ಅಯ್ಯರ್, ಮುಹಮ್ಮದ್ ಶಮಿ ಹೊರಗೆ.

ಆಯ್ಕೆ ಮಾಡುವವರು ಯಾರು?

ಬಿಸಿಸಿಐಯ ಹಿರಿಯರ ಆಯ್ಕೆ ಸಮಿತಿಯಲ್ಲಿ ಐವರು. 2023ರ ಜುಲೈನಲ್ಲಿ ಅಜಿತ್ ಅಗರ್ಕರ್ ಅಧ್ಯಕ್ಷರಾದರು. ಆಯ್ಕೆಗಾರನಾಗಲು ಕನಿಷ್ಠ 7 ಟೆಸ್ಟ್, ಇಲ್ಲವೇ 30 ಪ್ರಥಮ ದರ್ಜೆ ಪಂದ್ಯ, ಇಲ್ಲವೇ 10 ಏಕದಿನ ಮತ್ತು 20 ಪ್ರಥಮ ದರ್ಜೆ ಪಂದ್ಯ ಆಡಿರಬೇಕು. ಆಟ ಬಿಟ್ಟು 5 ವರ್ಷ ಆಗಿರಬೇಕು. ನಾಯಕ ಮತ್ತು ಕೋಚ್ ಅಭಿಪ್ರಾಯ ಹೇಳಬಹುದು, ಅವರ ಮಾತಿಗೆ ತೂಕವೂ ಇದೆ. ಆದರೆ ಪಟ್ಟಿ ಸಮಿತಿಯದು.

ಇಲ್ಲಿ ಬಹಳಷ್ಟು ವಾದಗಳು ದಾರಿ ತಪ್ಪುತ್ತವೆ. ಪ್ರವಾಸಕ್ಕೆ ಹೋಗುವ 18 ಜನರನ್ನು ಆರಿಸುವವರು ಬೇರೆ, ಪಂದ್ಯದ ಬೆಳಗ್ಗೆ ಕಣಕ್ಕಿಳಿಯುವ 11 ಜನರನ್ನು ಆರಿಸುವವರು ಬೇರೆ. ಎರಡನೆಯದು ಮುಖ್ಯವಾಗಿ ನಾಯಕ ಮತ್ತು ಕೋಚ್ ಕೈಯಲ್ಲಿರುತ್ತದೆ. ಕುಲದೀಪ್ ಯಾದವ್ ಆಡಲಿಲ್ಲ ಅಂತ ಅಗರ್ಕರ್‌ಗೆ ಬೈಯುವುದರಲ್ಲಿ ಅರ್ಥವಿಲ್ಲ. ಸಮಿತಿ ಅವರನ್ನು ಕಳಿಸಿತ್ತು. ಸರ್ಫರಾಜ್ ಆಡಲಿಲ್ಲ ಅಂತ ಗಿಲ್‌ಗೆ ಬೈಯುವುದರಲ್ಲೂ ಹುರುಳಿಲ್ಲ.

18ರ ಪಟ್ಟಿ ದೇಶದ ಅತ್ಯುತ್ತಮ 18 ಆಟಗಾರರ ಪಟ್ಟಿಯೂ ಅಲ್ಲ. ಅದು ಕೆಲಸಗಳ ಪಟ್ಟಿ. ಮೂವರು ಆರಂಭಿಕರು, ಇಬ್ಬರು ಕೀಪರ್, ಐದಾರು ವೇಗಿಗಳು, ಒಬ್ಬರೋ ಇಬ್ಬರೋ ಆಲ್‌ರೌಂಡರ್ ಹೀಗೆ ಕುರ್ಚಿಗಳು ಮೊದಲೇ ಇರುತ್ತವೆ, ಜನ ಆಮೇಲೆ. ನಾಲ್ಕನೇ ಅತ್ಯುತ್ತಮ ಕೀಪರ್ ಎಷ್ಟೇ ಒಳ್ಳೆಯವನಾದರೂ ಅವನಿಗೆ ಕುರ್ಚಿಯೇ ಇರುವುದಿಲ್ಲ. ಇದರ ಮೇಲೆ ಆ ದೇಶದ ಚೆಂಡು, ಪಿಚ್, ಮೋಡ. ಇಂಗ್ಲೆಂಡಿನಲ್ಲಿ ಬಳಸುವ ಡ್ಯೂಕ್ಸ್ ಚೆಂಡು ಕೈಹೊಲಿಗೆಯದು, ಹೊಲಿಗೆ ಎದ್ದು ನಿಂತಿರುತ್ತದೆ, ಮೋಡ ಕವಿದರೆ ಗಾಳಿಯಲ್ಲೇ ತಿರುಗುತ್ತದೆ. ಆಸ್ಟ್ರೇಲಿಯದ ಕೂಕಬುರ್ರಾ ಅಷ್ಟು ಹೊತ್ತು ಸ್ವಿಂಗ್ ಆಗುವುದಿಲ್ಲ, ಅಲ್ಲಿ ಪುಟಿತ ದೊಡ್ಡ ಸಮಸ್ಯೆ. ಹಾಗಾಗಿ ರಣಜಿಯಲ್ಲಿ ಎಸ್‌ಜಿ ಚೆಂಡಿಗೆ ಹೊಡೆದ ರನ್ನನ್ನು ಲೀಡ್ಸಿನ ಜೂನ್ ತಿಂಗಳಿಗೆ ನೇರವಾಗಿ ಜೋಡಿಸಲು ಬರುವುದಿಲ್ಲ. ಅಂದಹಾಗೆ 2025ರಲ್ಲಿ ಡ್ಯೂಕ್ಸ್ ಚೆಂಡೇ ಬೇಗ ಮೆತ್ತಗಾಗುತ್ತಿದೆ ಎಂಬ ದೂರು ಸರಣಿ ಪೂರ್ತಿ ಕೇಳಿಬಂತು. ಲಾರ್ಡ್ಸ್‌ನಲ್ಲಿ ಚೆಂಡು ಬದಲಿಸುವ ವಿಷಯಕ್ಕೆ ಗಿಲ್ ಅಂಪೈರ್ ಜೊತೆ ವಾದಕ್ಕೇ ಇಳಿದರು. ಸ್ವಿಂಗ್ ನೋಡಿ ತಂಡ ಕಟ್ಟಿದರೆ ಚೆಂಡೇ ಕೈಕೊಡುವುದುಂಟು.

ಗಿಲ್ ಬಗ್ಗೆ ಎದ್ದ ಅನುಮಾನ

ಮೊದಲ ಜಗಳ ನಾಯಕತ್ವದ್ದು. ಹಿಂದಿನ ಆಸ್ಟ್ರೇಲಿಯ ಪ್ರವಾಸದಲ್ಲಿ ಪರ್ತ್ ಟೆಸ್ಟ್ ಗೆಲ್ಲಿಸಿದ್ದ ಜಸ್ಪ್ರೀತ್ ಬುಮ್ರಾ ಇರುವಾಗ 25 ವರ್ಷದ ಗಿಲ್ ಯಾಕೆ? ಬುಮ್ರಾ ಬೆನ್ನಿನ ತೊಂದರೆಯಿಂದ ಐದೂ ಪಂದ್ಯ ಆಡುವ ಹಾಗಿರಲಿಲ್ಲ. ಕೆಲವು ಪಂದ್ಯಕ್ಕೆ ಮಾತ್ರ ಸಿಗುವವರನ್ನು ನಾಯಕ ಮಾಡುವುದು ಕಷ್ಟ ಎಂಬುದು ಸಮಿತಿಯ ವಾದ. ವಿರೋಧಿಗಳ ಕೈಯಲ್ಲಿ ಒಂದು ಗಟ್ಟಿ ಅಂಕಿ ಇತ್ತು: ಅದುವರೆಗೆ ಇಂಗ್ಲೆಂಡಿನಲ್ಲಿ ಗಿಲ್ ಆಡಿದ್ದು 3 ಟೆಸ್ಟ್, 6 ಇನಿಂಗ್ಸ್, ಒಟ್ಟು 88 ರನ್. ಸರಾಸರಿ 15 ಕೂಡ ಇಲ್ಲ.

ಸರಣಿ ಮುಗಿದಾಗ ಗಿಲ್ ಖಾತೆಯಲ್ಲಿ 754 ರನ್. ಎಜ್‌ಬಾಸ್ಟನ್‌ನಲ್ಲೇ 269 ಮತ್ತು 161. ಹಾಗಾದರೆ 88 ರನ್ನಿನ ಲೆಕ್ಕ ಹೇಳಿದವರು ದಡ್ಡರೇ? ಅಲ್ಲ. ಆರು ಇನಿಂಗ್ಸ್ ಮೂರು ಬೇರೆ ಬೇರೆ ವರ್ಷಗಳ ನಡುವೆ ಚದುರಿಹೋಗಿದ್ದವು, ಅಷ್ಟು ಕಡಿಮೆ ಸಾಮಗ್ರಿಯಿಂದ ಯಾವ ತೀರ್ಮಾನಕ್ಕೂ ಬರುವಂತಿರಲಿಲ್ಲ ಅಷ್ಟೆ. ಆದರೆ ಆಯ್ಕೆಯ ಚರ್ಚೆಯಲ್ಲಿ ಇಂಥ ಸಣ್ಣ ಲೆಕ್ಕಗಳೇ ಹೆಚ್ಚು ಓಡಾಡುವುದು.

ಕರುಣ್ ನಾಯರ್ ಮತ್ತು ಬಾಗಿಲು ತೆರೆಯುವ ರೀತಿ

ಬೆಂಗಳೂರಿನಲ್ಲಿ ಬೆಳೆದ, ಮಲಯಾಳಿ ಮನೆತನದ ಕರುಣ್ ನಾಯರ್ ಹೆಸರಿಗೆ ಗಡಿನಾಡಿನಲ್ಲಿ ಎರಡೂ ಭಾಷೆಯ ಅಭಿಮಾನಿಗಳಿದ್ದಾರೆ. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303. ಟೆಸ್ಟ್‌ನಲ್ಲಿ ಭಾರತದ ಪರ ತ್ರಿಶತಕ ಹೊಡೆದವರು ವೀರೇಂದ್ರ ಸೆಹ್ವಾಗ್ ಬಿಟ್ಟರೆ ಇವರೊಬ್ಬರೇ. ಮುಂದಿನ ಟೆಸ್ಟ್ ಹೈದರಾಬಾದಿನಲ್ಲಿ ಬಾಂಗ್ಲಾದೇಶದ ವಿರುದ್ಧ. ಗಾಯಗೊಂಡಿದ್ದ ಅಜಿಂಕ್ಯ ರಹಾನೆ ಗುಣವಾಗಿ ಬಂದರು, ಕರುಣ್ ಹೊರಗೆ ಕೂತರು. ಮುನ್ನೂರು ಹೊಡೆದವನಿಗೆ ಮುಂದಿನ ಪಂದ್ಯದಲ್ಲಿ ಜಾಗವಿಲ್ಲ! ಕುರ್ಚಿ ಅವರದಾಗಿರಲಿಲ್ಲ, ರಹಾನೆಯದಾಗಿತ್ತು, ಅಷ್ಟೇ ಕಾರಣ. 2018ರ ಇಂಗ್ಲೆಂಡ್ ಪ್ರವಾಸದಲ್ಲಿ ತಂಡದ ಜೊತೆಗಿದ್ದರೂ ಒಂದೂ ಪಂದ್ಯ ಸಿಗಲಿಲ್ಲ. ಕೊನೆಯ ಟೆಸ್ಟಿಗೆ, ನಡುವೆ ಬಂದು ಸೇರಿಕೊಂಡ ಹನುಮ ವಿಹಾರಿ ಆಡಿದರು.

ಆಮೇಲೆ ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. 2022ರ ಡಿಸೆಂಬರ್‌ನಲ್ಲಿ, ಇನ್ನೊಂದು ಅವಕಾಶ ಕೊಡು ಅಂತ ಕ್ರಿಕೆಟ್‌ಗೇ ಬೇಡಿಕೊಂಡು ಅವರು ಬರೆದ ಒಂದು ಸಾಲು ದೇಶದ ತುಂಬ ಹರಡಿತು. ವಿದರ್ಭಕ್ಕೆ ಹೋದರು. 2024-25ರಲ್ಲಿ ವಿಜಯ್ ಹಜಾರೆ ಟ್ರೋಫಿಯಲ್ಲಿ 5 ಶತಕಗಳ ಸಹಿತ 779 ರನ್, ರಣಜಿಯಲ್ಲಿ 863. ಕೇರಳದವರಿಗೆ ಆ ರಣಜಿ ಫೈನಲ್ ಮರೆಯುವುದು ಕಷ್ಟ. ಮೊದಲ ಬಾರಿ ಫೈನಲ್ ತಲುಪಿದ್ದ ಕೇರಳಕ್ಕೆ ನಾಗಪುರದಲ್ಲಿ ಅಡ್ಡ ನಿಂತವರಲ್ಲಿ ಕರುಣ್ ಒಬ್ಬರು: 86 ಮತ್ತು 135. ಮೊದಲ ಇನಿಂಗ್ಸಿನ 37 ರನ್ ಮುನ್ನಡೆಯಿಂದ ವಿದರ್ಭ ಚಾಂಪಿಯನ್ ಆಯಿತು.

ಅಷ್ಟಾದರೂ, ಕೊಹ್ಲಿ ಮತ್ತು ರೋಹಿತ್ ಇದ್ದಿದ್ದರೆ ಕರುಣ್ ಇಂಗ್ಲೆಂಡಿಗೆ ಹೋಗುತ್ತಿದ್ದರೇ ಎನ್ನುವುದು ಅನುಮಾನ. ದೇಶೀಯ ಕ್ರಿಕೆಟಿನ ಕಹಿಸತ್ಯ ಇದೇ. ರನ್ ಹೊಡೆದರೆ ಬಾಗಿಲಿನ ಮುಂದೆ ಸಾಲಿನಲ್ಲಿ ನಿಲ್ಲಲು ಜಾಗ ಸಿಗುತ್ತದೆ. ಬಾಗಿಲು ತೆರೆಯುವುದು ಒಳಗಿನವರು ಎದ್ದು ಹೋದಾಗ.

ಒಳಗೆ ಹೋದ ಮೇಲೆ ಏನಾಯಿತು? 0, 20, 31, 26, 40, 14. ನಾಲ್ಕನೇ ಟೆಸ್ಟಿಗೆ ತಂಡದಿಂದ ಹೊರಗೆ. ಓವಲ್‌ನಲ್ಲಿ ಮತ್ತೆ ಅವಕಾಶ: ಹಸಿರು ಪಿಚ್‌ನಲ್ಲಿ ಭಾರತ 224ಕ್ಕೆ ಆಲೌಟ್ ಆದಾಗ 57, ಆ ಇನಿಂಗ್ಸಿನ ಅತ್ಯಧಿಕ ರನ್, ಎರಡನೇ ಇನಿಂಗ್ಸಿನಲ್ಲಿ 17. ಒಟ್ಟು 205. ಪಂದ್ಯ ಗೆದ್ದದ್ದು 6 ರನ್ನಿನಿಂದ ಎಂಬುದನ್ನು ನೆನಪಿಟ್ಟರೆ ಆ 57ರ ಬೆಲೆ ಗೊತ್ತಾಗುತ್ತದೆ. ಆದರೆ ಅಕ್ಟೋಬರ್‌ನ ವೆಸ್ಟ್ ಇಂಡೀಸ್ ಸರಣಿಗೆ ಕರುಣ್ ಹೆಸರು ಇರಲಿಲ್ಲ. ಕರ್ನಾಟಕಕ್ಕೆ ಮರಳಿ ಬಂದು ನವೆಂಬರ್‌ನಲ್ಲಿ ಕೇರಳದ ವಿರುದ್ಧವೇ 233 ಹೊಡೆದರು. ಕೇರಳಕ್ಕೆ ಇವರ ಕಾಟ ತಪ್ಪಿದ್ದಲ್ಲ.

ಸರ್ಫರಾಜ್ ಪ್ರಶ್ನೆ

ಸಮುದಾಯದ ಹುಡುಗರ ಮಧ್ಯೆ ಹೆಚ್ಚು ಬಿಸಿ ಏರಿಸಿದ ಹೆಸರು ಇದು. ಮುಂಬೈಯ ಸರ್ಫರಾಜ್ ಖಾನ್ 2019-20ರ ರಣಜಿಯಲ್ಲಿ 928, 2021-22ರಲ್ಲಿ 982 ರನ್ ಹೊಡೆದವರು. ಟೆಸ್ಟ್ ಕ್ಯಾಪ್ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ, ರಾಜಕೋಟ್‌ನಲ್ಲಿ. ಮೊದಲ ಪಂದ್ಯದಲ್ಲೇ 62 ಮತ್ತು ಅಜೇಯ 68. ಅದೇ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ನ್ಯೂಜಿಲೆಂಡ್ ವಿರುದ್ಧ ತಂಡ 46ಕ್ಕೆ ಉದುರಿದ ಮೇಲೆ ಎರಡನೇ ಇನಿಂಗ್ಸಿನಲ್ಲಿ 150. ನಂತರದ ನಾಲ್ಕು ಇನಿಂಗ್ಸ್ 11, 9, 0, 1. ಆಸ್ಟ್ರೇಲಿಯಕ್ಕೆ ಹೋದರು, ಐದರಲ್ಲಿ ಒಂದು ಪಂದ್ಯವೂ ಆಡಲಿಲ್ಲ. ಇಂಗ್ಲೆಂಡ್ ಪಟ್ಟಿಯಿಂದ ಹೆಸರೇ ಹೋಯಿತು.

ಅಗರ್ಕರ್ ಕೊಟ್ಟ ಕಾರಣದ ಸಾರ ಇಷ್ಟು: ಬೆಂಗಳೂರಿನ ಶತಕದ ನಂತರ ಸರ್ಫರಾಜ್‌ಗೆ ರನ್ ಬರಲಿಲ್ಲ, ಕರುಣ್ ದೇಶೀಯ ಕ್ರಿಕೆಟಿನಲ್ಲಿ ರಾಶಿ ರನ್ ಗಳಿಸಿದ್ದಾರೆ, ಕೊಹ್ಲಿ ಇಲ್ಲದಾಗ ಅವರ ಅನುಭವ ಬೇಕು. ಇದರ ಮೊದಲರ್ಧ ದುರ್ಬಲ ವಾದ ಎಂದೇ ಹೇಳಬೇಕು. ತಿರುಗುವ ಪಿಚ್‌ಗಳಲ್ಲಿ ಇಡೀ ತಂಡವೇ ಕುಸಿದಿದ್ದ ಪುಣೆ, ಮುಂಬೈಯ ನಾಲ್ಕು ಇನಿಂಗ್ಸ್ ನೋಡಿ ಇಂಗ್ಲೆಂಡಿನ ಬಗ್ಗೆ ತೀರ್ಮಾನಿಸುವುದು, ಗಿಲ್ ಅವರ 88 ರನ್ ಹಿಡಿದು ಕೂರುವಷ್ಟೇ ತಪ್ಪು. ಗಿಲ್‌ಗೆ ಕೊಟ್ಟ ರಿಯಾಯಿತಿ ಸರ್ಫರಾಜ್‌ಗೆ ಸಿಗಲಿಲ್ಲ. ಪಟ್ಟಿ ಬಂದ ಮೇಲೆ ಕ್ಯಾಂಟರ್ಬರಿಯಲ್ಲಿ ಭಾರತ ಎ ಪರ ಇಂಗ್ಲೆಂಡ್ ಲಯನ್ಸ್ ವಿರುದ್ಧ ಅವರು 92 ಹೊಡೆದರು. ಅದೇ ಇನಿಂಗ್ಸಿನಲ್ಲಿ ಕರುಣ್ 204 ಹೊಡೆದದ್ದೂ ನಿಜ, ಅದನ್ನು ಬಿಟ್ಟು ವಾದ ಮಾಡಬಾರದು.

ಹೆಸರಿನ ಕಾರಣಕ್ಕೇ ಬಿಟ್ಟರು ಎಂಬ ಮಾತು ಆಗಲೂ ಬಂತು, 2025ರ ಅಕ್ಟೋಬರ್‌ನಲ್ಲಿ ಭಾರತ ಎ ತಂಡದಿಂದ ಸರ್ಫರಾಜ್ ಹೊರಗುಳಿದಾಗ ರಾಜಕೀಯ ಪಕ್ಷವೊಂದರ ವಕ್ತಾರರೇ ಅದನ್ನು ಬಹಿರಂಗವಾಗಿ ಕೇಳಿದರು. ಈ ಅನುಮಾನ ಗಾಳಿಯಿಂದ ಹುಟ್ಟಿದ್ದಲ್ಲ. 2021ರ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಸೋತ ರಾತ್ರಿ ಮುಹಮ್ಮದ್ ಶಮಿ ಮೇಲೆ ಧರ್ಮದ ಹೆಸರಲ್ಲಿ ನಡೆದ ದಾಳಿಯನ್ನು ಎಲ್ಲರೂ ಕಂಡಿದ್ದಾರೆ. ನಾಯಕ ಕೊಹ್ಲಿ ಶಮಿ ಪರ ನಿಂತು ಆ ಜನರನ್ನು ಖಂಡಿಸಬೇಕಾಯಿತು. ಮರುವರ್ಷ ಕ್ಯಾಚ್ ಬಿಟ್ಟ ಅರ್ಶ್‌ದೀಪ್ ಸಿಂಗ್‌ಗೂ ಅದೇ ಗತಿ. ಆದರೆ ಆ ದಾಳಿ ಮಾಡಿದ್ದು ನೋಡುಗರು. ಆಯ್ಕೆಗಾರರ ಮೇಲೆ ಅದೇ ಆರೋಪ ಹೊರಿಸಬೇಕಾದರೆ ಪುರಾವೆ ಬೇಕು, ಅದೇ ಸಮಿತಿ ಕಳಿಸಿದ ಸಿರಾಜ್ ಹೆಸರನ್ನೂ ಜೊತೆಗೆ ಹೇಳಬೇಕು. ಸರ್ಫರಾಜ್ ಪರ ಕ್ರಿಕೆಟಿನ ಲೆಕ್ಕದಲ್ಲೇ ಗಟ್ಟಿ ವಾದ ಇದೆ. ಅದನ್ನು ಬಿಟ್ಟು ಬೇರೆ ವಾದ ಎತ್ತಿದಾಗ ಎದುರಿನವರಿಗೆ ಉತ್ತರ ಕೊಡುವ ಕೆಲಸ ಸುಲಭವಾಗುತ್ತದೆ. ಶಮಿ ವಿಷಯವೂ ಹಾಗೆಯೇ: 2024ರಲ್ಲಿ ಪಾದದ ಶಸ್ತ್ರಚಿಕಿತ್ಸೆ ಆದ ಬೌಲರ್ ಐದು ಟೆಸ್ಟ್ ಹೊರೆಗೆ ಸಿದ್ಧವಿಲ್ಲ ಅಂತ ವೈದ್ಯಕೀಯ ತಂಡ ಹೇಳಿತು ಎಂಬುದು ಅಧಿಕೃತ ಕಾರಣ.

ಬೌಲರ್‌ಗಳ ಲೆಕ್ಕ

ಬುಮ್ರಾ ಮೂರೇ ಟೆಸ್ಟ್ ಎಂದು ಮೊದಲೇ ಹೇಳಿದ್ದರಿಂದ, ಯಾವ ಮೂರು ಎಂಬುದು ಸರಣಿಯುದ್ದಕ್ಕೂ ಜಗಳವಾಯಿತು. ಲೀಡ್ಸ್, ಲಾರ್ಡ್ಸ್, ಮ್ಯಾಂಚೆಸ್ಟರ್‌ನಲ್ಲಿ ಆಡಿದರು, 14 ವಿಕೆಟ್ ಪಡೆದರು. ಎರಡು ಸೋಲು, ಒಂದು ಡ್ರಾ. ಅವರಿಲ್ಲದ ಎಜ್‌ಬಾಸ್ಟನ್ ಮತ್ತು ಓವಲ್‌ನಲ್ಲಿ ಗೆಲುವು. ಇದನ್ನು ಹಿಡಿದು ಬುಮ್ರಾ ಇಲ್ಲದಿದ್ದರೇ ತಂಡ ಚೆನ್ನ ಎನ್ನುವವರೂ ಹುಟ್ಟಿಕೊಂಡರು. ಇಂಥ ಮಾತಿಗೆ ಉತ್ತರ ಕೊಡಬೇಕಾಗಿಲ್ಲ.

ಹೇಳಬೇಕಾದ್ದು ಮುಹಮ್ಮದ್ ಸಿರಾಜ್ ಬಗ್ಗೆ. ವರ್ಷದ ಆರಂಭದಲ್ಲಿ ಚಾಂಪಿಯನ್ಸ್ ಟ್ರೋಫಿ ತಂಡಕ್ಕೆ ಬೇಡವಾಗಿದ್ದ ಬೌಲರ್. ಹೈದರಾಬಾದಿನ ಆಟೋ ಚಾಲಕರ ಮಗ. ಇಂಗ್ಲೆಂಡಿನಲ್ಲಿ ಐದಕ್ಕೆ ಐದೂ ಪಂದ್ಯ ಆಡಿ, 185 ಓವರ್‌ಗಿಂತ ಹೆಚ್ಚು ಎಸೆದು, 23 ವಿಕೆಟ್ ಪಡೆದರು. ಸರಣಿಯಲ್ಲಿ ಅಷ್ಟು ವಿಕೆಟ್ ಬೇರೆ ಯಾರಿಗೂ ಇಲ್ಲ. ಓವಲ್‌ನ ನಾಲ್ಕನೇ ದಿನ 19ರಲ್ಲಿದ್ದ ಹ್ಯಾರಿ ಬ್ರೂಕ್ ಕ್ಯಾಚ್ ಹಿಡಿದು ಬೌಂಡರಿ ಗೆರೆಯನ್ನೇ ತುಳಿದರು. ಬ್ರೂಕ್ 111 ಹೊಡೆದರು. ಆ ರಾತ್ರಿ ಸೋತಿದ್ದರೆ ಸಿರಾಜ್ ಏನೇನು ಕೇಳಬೇಕಾಗುತ್ತಿತ್ತೋ ಊಹಿಸಿಕೊಳ್ಳಿ. ಆಗಸ್ಟ್ 4ರ ಬೆಳಗ್ಗೆ ಇಂಗ್ಲೆಂಡಿಗೆ ಬೇಕಿದ್ದದ್ದು 35 ರನ್, ಕೈಯಲ್ಲಿ 4 ವಿಕೆಟ್. ಅದರಲ್ಲಿ ಮೂರು ಸಿರಾಜ್ ಪಾಲು, ಕೊನೆಯದು ಗಸ್ ಅಟ್ಕಿನ್ಸನ್ ಸ್ಟಂಪ್ ಹಾರಿಸಿದ ಯಾರ್ಕರ್. ಪಂದ್ಯದಲ್ಲಿ 9 ವಿಕೆಟ್, ಸರಣಿ 2-2. ಮೇ ತಿಂಗಳ ಚರ್ಚೆಯಲ್ಲಿ ಸಿರಾಜ್ ಹೆಸರು ಬಹಳ ಕಡಿಮೆ ಕೇಳಿಬಂದಿತ್ತು.

ಇನ್ನು ಕುಲದೀಪ್. ಲೀಡ್ಸ್‌ನಲ್ಲಿ ಭಾರತದ ಪರ ಐದು ಶತಕ ಬಂದವು, ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಅವರ 137 ಸೇರಿ. ಆದರೂ ಸೋಲು. ಮೊದಲ ಇನಿಂಗ್ಸಿನ ಕೊನೆಯ 7 ವಿಕೆಟ್ 41 ರನ್ನಿಗೆ, ಎರಡನೆಯದರ ಕೊನೆಯ 6 ವಿಕೆಟ್ 31 ರನ್ನಿಗೆ ಬಿದ್ದವು. ಇಂಗ್ಲೆಂಡ್ 371 ಬೆನ್ನಟ್ಟಿ ಗೆದ್ದಿತು. ಹೆದರಿದ ತಂಡ ಎಂಟನೇ ಕ್ರಮಾಂಕದವರೆಗೂ ಬ್ಯಾಟಿಂಗ್ ಬರುವವರನ್ನೇ ಹುಡುಕಿತು. ಸ್ಪಿನ್ನರ್ ಜಾಗಕ್ಕೆ ವಾಷಿಂಗ್ಟನ್ ಸುಂದರ್ ಬಂದರು, ಕುಲದೀಪ್ ಬೆಂಚಿಗೆ ಅಂಟಿಕೊಂಡರು. ಮ್ಯಾಂಚೆಸ್ಟರ್‌ನಲ್ಲಿ ಇಂಗ್ಲೆಂಡ್ 669 ಹೊಡೆದಾಗ ಕುಲದೀಪ್ ಬೇಕಿತ್ತು ಅಂತ ಕೂಗಿದವರದ್ದು ಸರಿ. ಅದೇ ಪಂದ್ಯವನ್ನು ಸುಂದರ್ (ಅಜೇಯ 101) ಮತ್ತು ಜಡೇಜ (ಅಜೇಯ 107) ಡ್ರಾ ಮಾಡಿ ಉಳಿಸಿಕೊಟ್ಟಾಗ ತಂಡದವರದ್ದೂ ಸರಿ. ಒಂದೇ ಪಂದ್ಯ, ಎರಡೂ ಕಡೆಗೆ ಸಾಕ್ಷಿ. ಆ ಜಗಳ ಇನ್ನೂ ಮುಗಿದಿಲ್ಲ.

ಹಳೆಯ ಪ್ರವಾಸಗಳು

ಇದು ಇವತ್ತಿನ ಮೊಬೈಲ್ ಕಾಲದ ಕಾಯಿಲೆ ಎಂದುಕೊಳ್ಳುವುದು ಬೇಡ. 1971ರ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಮುನ್ನ ಆಯ್ಕೆ ಸಮಿತಿ ಅಧ್ಯಕ್ಷ ವಿಜಯ್ ಮರ್ಚೆಂಟ್ ತಮ್ಮ ನಿರ್ಣಾಯಕ ಮತದಿಂದ ಪಟೌಡಿಯನ್ನು ಇಳಿಸಿ ಅಜಿತ್ ವಾಡೇಕರ್ ಅವರನ್ನು ನಾಯಕ ಮಾಡಿದರು. ದೇಶ ದಂಗಾಯಿತು; ತಂಡ ಅಲ್ಲಿ ಮೊದಲ ಬಾರಿ ಸರಣಿ ಗೆದ್ದು ಬಂತು. ಆ ಪ್ರವಾಸಕ್ಕೆ ಬೇಡವಾಗಿದ್ದ ಮೈಸೂರು ತಂಡದ ಬಿ.ಎಸ್. ಚಂದ್ರಶೇಖರ್ ಅದೇ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋದರು. ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್. 1996ರಲ್ಲಿ ಸೌರವ್ ಗಂಗೂಲಿ ಆಯ್ಕೆಯನ್ನು ಪೂರ್ವ ವಲಯದ ಕೋಟಾ ಅಂತ ಹಂಗಿಸಿದ್ದರು. ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟಿನಲ್ಲೇ 131. ಜೊತೆಗೆ ಅದೇ ಪಂದ್ಯದಲ್ಲಿ ಕಾಲಿಟ್ಟ ರಾಹುಲ್ ದ್ರಾವಿಡ್ 95.

ಹೋಗಿಯೂ ಆಡದವರ ಕಥೆ ಬೇರೆ. 2025ರಲ್ಲಿ ಅಭಿಮನ್ಯು ಈಶ್ವರನ್ ಐದೂ ಟೆಸ್ಟ್ ಹೊರಗಿಂದ ನೋಡಿದರು. ಪ್ರಥಮ ದರ್ಜೆಯಲ್ಲಿ 7,000ಕ್ಕೂ ಹೆಚ್ಚು ರನ್ ಇರುವ ಬ್ಯಾಟರ್, ಟೆಸ್ಟ್ ಕ್ಯಾಪ್ ಇಲ್ಲದೆ ವಾಪಸ್. ಸೈಯದ್ ಕಿರ್ಮಾನಿ ಇದಕ್ಕಿಂತ ಹೆಚ್ಚು ಕಾದವರು. 1971 ಮತ್ತು 1974ರಲ್ಲಿ ಎರಡು ಸಲ ಇಂಗ್ಲೆಂಡಿಗೆ ಮೀಸಲು ಕೀಪರ್ ಆಗಿ ಹೋಗಿ, ಫಾರೂಕ್ ಎಂಜಿನಿಯರ್ ಇದ್ದ ಕಾರಣ ಒಂದೂ ಟೆಸ್ಟ್ ಆಡದೆ ಬಂದರು. ಮೊದಲ ಟೆಸ್ಟ್ ಸಿಕ್ಕಿದ್ದು 1976ರ ಜನವರಿಯಲ್ಲಿ, ಆಕ್ಲೆಂಡ್‌ನಲ್ಲಿ. ಆಮೇಲೆ 88 ಟೆಸ್ಟ್ ಆಡಿದರು.

ತಳಂಗರೆಯಿಂದ ನೋಡಿದರೆ

ಕಾಸರಗೋಡು ಜಿಲ್ಲೆಯ ಹುಡುಗರಿಗೆ ಈ ಕೀಪರ್ ಸಾಲು ದೂರದ ಮಾತಲ್ಲ. ತಳಂಗರೆಯ ಮುಹಮ್ಮದ್ ಅಝರುದ್ದೀನ್, ಹೈದರಾಬಾದಿನ ಅಝರುದ್ದೀನ್ ಮೇಲಿನ ಅಭಿಮಾನದಿಂದ ಅಣ್ಣ ಇಟ್ಟ ಹೆಸರು, ಕೇರಳದ ಕೀಪರ್. 2021ರಲ್ಲಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯಲ್ಲಿ ಮುಂಬೈ ವಿರುದ್ಧ 54 ಎಸೆತಕ್ಕೆ ಅಜೇಯ 137 ಹೊಡೆದಾಗ ಊರೇ ಕುಣಿದಿತ್ತು. ಆದರೆ ಟೆಸ್ಟ್ ಬಾಗಿಲಿನ ಕಡೆ ಕರೆದೊಯ್ದದ್ದು ಆ ಸಿಕ್ಸರ್‌ಗಳಲ್ಲ. 2025ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಗುಜರಾತ್ ವಿರುದ್ಧದ ರಣಜಿ ಸೆಮಿಫೈನಲ್‌ನಲ್ಲಿ 341 ಎಸೆತ ಎದುರಿಸಿ ಹೊಡೆದ ಅಜೇಯ 177. ಕೇರಳ 457, ಗುಜರಾತ್ 455. ಕೊನೆಯ ವಿಕೆಟ್, ಶಾರ್ಟ್ ಲೆಗ್‌ನಲ್ಲಿದ್ದ ಸಲ್ಮಾನ್ ನಿಜಾರ್ ಹೆಲ್ಮೆಟ್‌ಗೆ ಬಡಿದ ಚೆಂಡು ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿ ಕೈಗೆ ಹೋಗಿ ಬಂದದ್ದು. ಆ ಎರಡು ರನ್ ಮುನ್ನಡೆಯಿಂದಲೇ ಕೇರಳ ಫೈನಲ್ ಕಂಡದ್ದು.

ಕರಾವಳಿಯ ಅಂಡರ್‌ಆರ್ಮ್ ಟೂರ್ನಮೆಂಟುಗಳಲ್ಲಿ ಆರು ಎಸೆತಕ್ಕೆ ಇಪ್ಪತ್ತು ಹೊಡೆಯುವವನಿಗೆ ಹೆಸರು ಬರುತ್ತದೆ. ಟೆಸ್ಟ್ ಆಯ್ಕೆಗಾರರು ಎಣಿಸುವುದು ಆ 341ನ್ನು.

ಅಝರುದ್ದೀನ್ ಮುಂದೆ ಇರುವ ಸಾಲು ಮಾತ್ರ ಉದ್ದವಿದೆ. ಪಂತ್ ಮೊದಲು, ಧ್ರುವ್ ಜುರೆಲ್ ಎರಡನೆಯವರು. ಮ್ಯಾಂಚೆಸ್ಟರ್‌ನಲ್ಲಿ ಪಂತ್ ಪಾದದ ಮೂಳೆ ಮುರಿದಾಗ, ಓವಲ್ ಟೆಸ್ಟಿಗೆ ಮೀಸಲು ಕೀಪರ್ ಆಗಿ ತಮಿಳುನಾಡಿನ ಎನ್. ಜಗದೀಶನ್‌ಗೆ ಕರೆ ಹೋಯಿತು. ಮುಂದಿನ ತಿಂಗಳು ದುಲೀಪ್ ಟ್ರೋಫಿಯಲ್ಲಿ ದಕ್ಷಿಣ ವಲಯದ ತಂಡದಲ್ಲಿ ಅಝರುದ್ದೀನ್, ಜಗದೀಶನ್ ಇಬ್ಬರೂ ಇದ್ದರು. ಸೆಮಿಫೈನಲ್‌ನಲ್ಲಿ ಜಗದೀಶನ್ 197 ಹೊಡೆದರು. ಅಕ್ಟೋಬರ್‌ನ ವೆಸ್ಟ್ ಇಂಡೀಸ್ ಸರಣಿಗೆ ಜುರೆಲ್ ಹಿಂದೆ ಎರಡನೇ ಕೀಪರ್ ಆಗಿ ಆಯ್ಕೆಯಾದದ್ದು ಅವರೇ. ಅಝರುದ್ದೀನ್ 2025-26ರ ರಣಜಿಗೆ ಕೇರಳದ ನಾಯಕರಾದರು.